ಬನಹಟ್ಟಿಯಲ್ಲಿ ಎದೆಬಡಿತ

ಕಾರಿನ ಹಿಂದೆ ಎಳೆದು ತಂದ ನಮ್ಮ ಟ್ರೇಲರ್ ಮನೆಯನ್ನು ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಶೆಡ್ಡಿನ ಗೋಡೆಗೆ ಒತ್ತಿ ನಿಲ್ಲಿಸಿದ್ದೆವು. ಬೆಳಿಗ್ಗೆ ಎದ್ದಾಗಿನಿಂದ ನನ್ನ ಎದೆಯಲ್ಲಿ ಧಡ್ ಧಡ್. ಹಾಲು ತರಲು ಹೊರಟ ಹೆಂಡತಿಗೆ ವಿಮೆಯ ಕಾಗದ ಎಲ್ಲಿದೆಯೆಂದು ಹೇಳಿ, ಪಕ್ಕದ ದವಾಖಾನೆಗೆ ಹೋದೆ.

ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು ಹುಬ್ಬು ಗಂಟಿಕ್ಕಿದರು. ಅವರು ಕಿಟಕಿಯಿಂದ ಪಕ್ಕದ ಮಗ್ಗದ ಶೆಡ್ಡಿನವನಿಗೆ ಕೂಗಿದರು: "ಈರಪ್ಪಾ, ಎದಿ ನೋಡಾಕತ್ತೇನಿ, ಮಗ್ಗ ಬಂದ್ ಮಾಡಲೇ!"

ಮಗ್ಗಗಳು ನಿಂತವು. ಎದೆಯ ಧಡ್ ಧಡ್ ಕೂಡ ನಿಂತಿತು. ಸತ್ತೇ ಹೋದೆನೆಂದು ಕಣ್ಣು ಮುಚ್ಚಿದೆ.

"ಎದಿ ಛಲೋ ಐತ್ರೀ. ಗಾಡಿ ಎಲ್ಲಿ ಹಚ್ಚೀರಿ?"

"ಮಗ್ಗದ ಗೋಡೆಗೆ" ಎಂದೆ.

ಕಿಟಕಿಯಲ್ಲಿ ಈರಪ್ಪನ ಮುಖ ಕಾಣಿಸಿತು. "ಸಾಹೇಬ್ರು ಜೀವಂತ ಅದಾರೇನ್ರೀ? ಚಾಲೂ ಮಾಡ್ಲ್ಯಾ?"

"ಒಂದು ನಿಮಿಷ ತಡೆಯಪ್ಪಾ" ಎಂದು ನಾನೇ ಬೇಡಿಕೊಂಡೆ. ಮಗ್ಗದ ಸಹಾಯವಿಲ್ಲದೆ ಎದೆ ತಾನಾಗಿಯೇ ನಡೆಯುತ್ತಿದೆಯೇ ಎಂದು ಕೈಯಿಟ್ಟು ನೋಡಿಕೊಳ್ಳಬೇಕಿತ್ತು.