ಕೆಂಚಯ್ಯ ವಾಪಸು ಕೊಟ್ಟ ಅಡಿಕೆ

ಹೂಗ್ಯಂನ ಕೆಂಚಯ್ಯನ ಜಗಲಿಯ ಜಂತೆಗೆ ಒಂದು ಸೋರೆಬುರುಡೆ ತೂಗುತ್ತಿತ್ತು. ಅದರ ತುಂಬ ಒಣಗಿದ ಅಡಿಕೆ. ಅವನ್ನು ಯಾರೂ ಅಗಿಯುತ್ತಿರಲಿಲ್ಲ. ಅವು ಊರಿನ ಮಾತುಗಳು.

ಆ ಊರಿನಲ್ಲಿ ಯಾರಾದರೂ ಇನ್ನೊಬ್ಬರ ತಲೆಗೆ ಬರುವಂಥದ್ದನ್ನು ಕಣ್ಣಾರೆ ಕಂಡರೆ, ಅದನ್ನು ಬೀದಿಯಲ್ಲಿ ಆಡಿಕೊಂಡು ತಿರುಗುವುದು ಮರ್ಯಾದೆಯಲ್ಲ. ಕೆಂಚಯ್ಯನ ಜಗಲಿಗೆ ಬಂದು, ಅವನ ಅಂಗೈಗೆ ಒಂದು ಅಡಿಕೆ ಹಾಕಿ, ಕಂಡದ್ದನ್ನು ಹೇಳಬೇಕು. ಮಾತು ಇಡುವುದು ಎಂದು ಅದಕ್ಕೆ ಹೆಸರು. ಇಟ್ಟ ಮೇಲೆ ಆ ಮಾತು ಕೆಂಚಯ್ಯನದು. ಕಂಡವರು ಮತ್ತೆ ಅದರ ಸುದ್ದಿಗೆ ಹೋಗುವ ಹಾಗಿಲ್ಲ. ಕೆಂಚಯ್ಯ ತಪ್ಪು ಮಾಡಿದವರನ್ನೂ ನಷ್ಟವಾದವರನ್ನೂ ಕೂರಿಸಿ ತೀರ್ಮಾನ ಹೇಳುತ್ತಿದ್ದ. ಹೀಗಾಗಿ ಕಂಡವರ ಮೇಲೆ ಯಾರಿಗೂ ಹಗೆಯಿರುತ್ತಿರಲಿಲ್ಲ. ಕೆಂಚಯ್ಯನ ಮೇಲೆ ಹಗೆ ಇಟ್ಟುಕೊಳ್ಳೋಣವೆಂದರೆ ಅವನು ಏನನ್ನೂ ಕಂಡೇ ಇರಲಿಲ್ಲ.

ಬುರುಡೆ ಅವನ ಅಪ್ಪನ ಕಾಲದ್ದು. ಇಟ್ಟ ಅಡಿಕೆಯನ್ನು ವಾಪಸು ಕೊಡುವುದೆಂದರೆ, ನಿನ್ನ ಮಾತನ್ನು ಹೊರಲು ನನಗೆ ಆಗದು ಎಂದು ಒಪ್ಪಿಕೊಂಡಂತೆ. ಒಮ್ಮೆ ವಾಪಸು ಕೊಟ್ಟ ಕೈಗೆ ಇನ್ನೊಬ್ಬರು ಅಡಿಕೆ ಹಾಕುವುದಿಲ್ಲ. ಅಪ್ಪ ಒಂದನ್ನೂ ವಾಪಸು ಕೊಡದೆ ಸತ್ತಿದ್ದ. ತಾನೂ ಹಾಗೆಯೇ ಸಾಯಬೇಕೆಂಬುದು ಕೆಂಚಯ್ಯನ ಆಸೆ. ಬೇರೆ ದೊಡ್ಡ ಆಸೆಗಳು ಅವನಿಗೆ ಇರಲಿಲ್ಲ.

ಯಾರು ಯಾವ ಹೊತ್ತಿನಲ್ಲಿ ಮಾತು ತರುತ್ತಾರೋ ಎಂದು ಅವನು ಜಗಲಿ ಬಿಟ್ಟು ಕದಲುತ್ತಿದ್ದುದೇ ಅಪರೂಪ. ಅರ್ಧ ದಿನ ನಡೆದರೆ ಸಿಗುವ ಪಾಲಾರ್ ಹೊಳೆಯನ್ನೇ ಅವನು ನೋಡಿರಲಿಲ್ಲ. ಆದರೂ ಯಾವ ಮಡುವಿನಲ್ಲಿ ನೀರು ಹಸಿರಾಗಿ ನಿಲ್ಲುತ್ತದೆ, ಯಾವ ಬಂಡೆಯ ಮೇಲೆ ಸಂಜೆ ಬಿಸಿಲು ಕೊನೆಗೆ ಆರುತ್ತದೆ ಎಂಬುದನ್ನೆಲ್ಲ ಹೇಳಬಲ್ಲವನಾಗಿದ್ದ. ಬೇರೆಯವರ ಕಣ್ಣು ಅವನಿಗೆ ಸಾಕಾಗಿತ್ತು.

ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಏಳೆಂಟು ವರ್ಷವಾಗಿದ್ದಾಗ, ಊರಿನ ಜಮೀನುದಾರ ಕೆಂಪನಂಜಪ್ಪನ ತಾಮ್ರದ ಹಂಡೆ ಕಾಣೆಯಾಯಿತು. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಬಾಗಿಲು ಕಾಯುತ್ತಿದ್ದ ಮುದುಕಿ, ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಲಿಗೆ ಹೋದರೆ ಬಚ್ಚಲ ಒಲೆಯ ಮೇಲೆ ಹಂಡೆಯ ಜಾಗದಲ್ಲಿ ಕತ್ತಲೆ ಕೂತಿತ್ತು. ಮಧ್ಯಾಹ್ನ ಇದ್ದದ್ದನ್ನು ಅವಳೇ ನೋಡಿದ್ದಳು. ಕೆಂಪನಂಜಪ್ಪ ಪೊಲೀಸರಿಗೆ ಚಿಕ್ಕಮಾದಯ್ಯನ ಹೆಸರು ಬರೆಸಿದ. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಊರಿನಲ್ಲಿ ಏನು ಕಳೆದರೂ ಮೊದಲು ಚಿಕ್ಕಮಾದಯ್ಯನ ಮನೆಯಲ್ಲಿ ವಿಚಾರಿಸಿ, ಆಮೇಲೆ ಹುಡುಕುವುದು ರೂಢಿ. ಅವನು ಕುಡುಗೋಲು ಕದ್ದಿದ್ದ, ಹಗ್ಗ ಕದ್ದಿದ್ದ, ಒಮ್ಮೆ ಹುಣಿಸೆ ಬಡಿಯುವ ಗಳುವನ್ನು ಕದ್ದು, ಅದರಿಂದಲೇ ಗಳುವಿನ ಯಜಮಾನನ ಮರವನ್ನು ಬಡಿದಿದ್ದ.

ಆದರೆ ಹಂಡೆಯನ್ನು ಅವನು ಕದ್ದಿರಲಿಲ್ಲ. ಇದು ಕೆಂಚಯ್ಯನಿಗೆ ಗೊತ್ತಿತ್ತು. ಯಾಕೆಂದರೆ ಅದೇ ಸಂಜೆ ಅದೇ ಹೊತ್ತಿನಲ್ಲಿ ಚಿಕ್ಕಮಾದಯ್ಯ ಹೊಳೆದಂಡೆಯ ಪಾಲಾರ್ ಊರಿನಲ್ಲಿ ಒಂದು ಹುಂಜ ಕದಿಯುತ್ತಿದ್ದ. ತಂಗಿಯ ಮನೆಗೆಂದು ಅಲ್ಲಿಗೆ ಹೋಗಿದ್ದ ಸೋಮಮ್ಮ ಕಣ್ಣಾರೆ ಕಂಡು, ಮಾರನೆಯ ದಿನ ಬಂದು ಮಾತು ಇಟ್ಟಿದ್ದಳು. ಕೆಂಚಯ್ಯ ತೀರ್ಮಾನವನ್ನೂ ಹೇಳಿದ್ದ. ಚಿಕ್ಕಮಾದಯ್ಯ ಪಾಲಾರಿಗೆ ಹೋಗಿ, ಹುಂಜದ ಒಡತಿಯಾದ ಆ ತಂಗಿಯ ಗುಡಿಸಲಿಗೆ ಹುಲ್ಲು ಹೊದಿಸಿ ಬಂದಿದ್ದ. ಪೊಲೀಸರು ಬಂದಾಗ ಅವನ ತಲೆಯಲ್ಲಿ ಇನ್ನೂ ಹುಲ್ಲಿನ ಕಡ್ಡಿಗಳಿದ್ದವು.

ಅವನ ಹೆಂಡತಿ ಪುಟ್ಟಮಾದಮ್ಮ ತುಂಬಿದ ಬಸುರಿ. ಜಗಲಿಯ ಕಂಬ ಹಿಡಿದು ನಿಂತು ಕೇಳಿದಳು: "ನನ್ ಗಂಡ ಕೋಳಿ ಕಳ್ಳ ಅಂತ ಒಂದ್ ಮಾತು ಏಳ್ಬುಡಿ ದೊಡ್ಡಪ್ಪ. ಜೈಲ್ಗೋದ್ರೆ ನಾ ಯಾರ್ ಮೊಕ ನೋಡ್ಲಿ?"

ಕೆಂಚಯ್ಯ ಬುರುಡೆಯಿಂದ ಸೋಮಮ್ಮನ ಅಡಿಕೆಯನ್ನು ಆರಿಸಿ ಪಂಚೆಯ ಸೆರಗಿಗೆ ಕಟ್ಟಿಕೊಂಡ. ರಾಮಾಪುರದವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದ. ಪೇಟೆ ನೋಡಿದಂತಾಗುತ್ತದೆ ಎಂದು ಸೋಮಮ್ಮನೂ ಹೊರಟಳು. ಕೋರ್ಟಿನಲ್ಲಿ ತನಗೆ ಕೆಲಸವಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಚಿಕ್ಕಮಾದಯ್ಯನ ಪರವಾಗಿ ಮಹದೇವಯ್ಯ ಎಂಬ ಹೊಸ ವಕೀಲನಿದ್ದ. ಅವನು ಕೆಂಚಯ್ಯನನ್ನು ಪಡಸಾಲೆಯ ಮೂಲೆಗೆ ಕರೆದು ಎಚ್ಚರಿಸಿದ. ಆಪಾದಿತ ಒಳ್ಳೆಯವನು ಎಂದು ಮಾತ್ರ ಹೇಳಬೇಡ. ನಾವು ಒಳ್ಳೆಯವನೆಂದರೆ ಅವರಿಗೆ ಕೆಟ್ಟವನೆಂದು ತೋರಿಸುವ ಹಕ್ಕು ಬರುತ್ತದೆ. ನಾವು ಸುಮ್ಮನಿದ್ದರೆ ಅವರೂ ಅವನ ನಡತೆಯನ್ನು ಎತ್ತುವ ಹಾಗಿಲ್ಲ. ಕೆಂಚಯ್ಯನಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಿತು. ಇಡೀ ಊರು ಮೊದಲು ತಿಳಿದುಕೊಳ್ಳುವುದನ್ನೇ ಇಲ್ಲಿ ಯಾರೂ ತಿಳಿಯಬಾರದು. ಬಾಗಿಲ ಬಳಿ ಪೇದೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಚಿಕ್ಕಮಾದಯ್ಯನಿಗೆ ಮಾತ್ರ ತಕ್ಷಣ ಅರ್ಥವಾಗಿ, ಮುಖ ಅರಳಿತು.

"ಇದೇನ್ ಸಾ, ಭಾಳ ಒಳ್ಳೆ ಜಾಗ," ಎಂದ. "ನಮ್ಮೂರಲ್ಲಿ ನಂಗೆ ಇಷ್ಟು ಮರ್ವಾದೆ ಇಲ್ಲ."

ಕೆಂಚಯ್ಯ ಕಟಕಟೆ ಹತ್ತಿ ಪ್ರಮಾಣ ಮಾಡಿ, ಸೆರಗಿನ ಗಂಟು ಬಿಚ್ಚಿ, ಕಟಕಟೆಯ ಹಲಗೆಯ ಮೇಲೆ ಅಡಿಕೆಯನ್ನು ಇಟ್ಟ. ಹುಂಜದ ಕಥೆ ಹೇಳತೊಡಗಿದ. ಪಾಲಾರಿನ ಸಂಜೆ, ಮಡುವಿನ ಪಕ್ಕದ ದಾರಿ, ಚಿಕ್ಕಮಾದಯ್ಯನ ಕಂಕುಳಲ್ಲಿ ಹುಂಜದ ಕೆಂಪು ಜುಟ್ಟು ಅಲ್ಲಾಡಿದ್ದು. ಎಷ್ಟು ಚೆನ್ನಾಗಿ ಹೇಳಿದನೆಂದರೆ ಬರೆದುಕೊಳ್ಳುವ ಗುಮಾಸ್ತ ನಡುನಡುವೆ ಬರೆಯುವುದನ್ನು ಮರೆತು ಕೇಳುತ್ತ ಕೂತ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಇದನ್ನು ನೀನು ನೋಡಿದೆಯಾ ಎಂದು ಮೃದುವಾಗಿ ಕೇಳಿದರು.

"ನಾ ಕಂಡಿಲ್ಲ ಬುದ್ಧಿ. ಸೋಮಮ್ಮ ಕಂಡವ್ಳೆ. ನನ್ ತಾವ ಇಟ್ಟವ್ಳೆ. ಅಡ್ಕೆ ಇಲ್ಲೇ ಐತಲ್ಲ."

ಸರ್ಕಾರಿ ವಕೀಲರು ಎದ್ದು ಆಕ್ಷೇಪಿಸಿದರು. ಕೇಳಿದ ಮಾತು ಸಾಕ್ಷ್ಯವಲ್ಲ. ಕಂಡವರೇ ಬಂದು ಹೇಳಬೇಕು. ಮ್ಯಾಜಿಸ್ಟ್ರೇಟರು ಒಪ್ಪಿ, ಹುಂಜವನ್ನೂ ಮಡುವನ್ನೂ ದಾಖಲೆಯಿಂದ ಹೊಡೆದುಹಾಕಿಸಿದರು. ಉಳಿದದ್ದು ಹೆಸರು, ಊರು, ವಯಸ್ಸು. ಗುಮಾಸ್ತ ಅದನ್ನು ಓದಿ ಹೇಳಿದಾಗ ಕೆಂಚಯ್ಯ ಕೈ ಎತ್ತಿದ.

"ವಯಸ್ಸು ನಮ್ಮವ್ವ ಏಳಿದ್ದು ಬುದ್ಧಿ. ನಾ ಉಟ್ಟಿದ್ದ ನಾ ಕಂಡಿಲ್ಲ. ಅದ್ನೂ ಒಡ್ದಾಕ್ಬುಡಿ."

ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಪ್ರಮಾಣ ಮಾಡಿದ್ದನಲ್ಲ, ಅದಕ್ಕೆ ತಪ್ಪಬಾರದೆಂದು ಹೇಳಿದ್ದ. ವಯಸ್ಸಿನ ವಿಷಯದಲ್ಲಿ ತಾಯಿಯ ಮಾತು ನಡೆಯುತ್ತದೆ ಎಂದು ಮ್ಯಾಜಿಸ್ಟ್ರೇಟರು ಸಮಾಧಾನ ಹೇಳಿದರು. ಅವ್ವನ ಮಾತು ನಡೆಯುವಲ್ಲಿ ಸೋಮಮ್ಮನದು ಯಾಕೆ ನಡೆಯುವುದಿಲ್ಲ ಎಂದು ಯೋಚಿಸುತ್ತ ಕೆಂಚಯ್ಯ ಕೆಳಗಿಳಿದ.

ಹೊರಗೆ ಕಡಲೆಕಾಯಿ ಸುಲಿಯುತ್ತಿದ್ದ ಸೋಮಮ್ಮನನ್ನು ಒಳಗೆ ಕರೆತಂದರು. ಅವಳು ಪ್ರಮಾಣ ಮಾಡಿ, ಮ್ಯಾಜಿಸ್ಟ್ರೇಟರಿಗೆ ನಮಸ್ಕಾರ ಮಾಡಿ, ಬಾಯಿ ಮುಚ್ಚಿ ನಿಂತಳು. ಆ ಸಂಜೆ ಏನು ಕಂಡೆ ಎಂದು ಮಹದೇವಯ್ಯ ಕೇಳಿದರೆ, "ಅದು ಈಗ ನನ್ ತಾವ ಇಲ್ಲ ಸಾ. ಅವ್ರಿಗೆ ಕೊಟ್ಬುಟ್ಟಿವ್ನಿ," ಎಂದಳು.

ಕಂಡದ್ದನ್ನು ಹೇಗಮ್ಮ ಕೊಡುತ್ತೀಯ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಅವಳು ಅಡಿಕೆಯ ಕಡೆ ಬೆರಳು ಮಾಡಿದಳು. ಹೇಳಲು ಆಗುವವನು ಕಂಡಿಲ್ಲ, ಕಂಡವಳಿಗೆ ಹೇಳಲು ಆಗುವುದಿಲ್ಲ. ಮ್ಯಾಜಿಸ್ಟ್ರೇಟರು, ಊಟದ ನಂತರ ಮುಂದುವರಿಸೋಣ ಎಂದು ಎದ್ದುಹೋದರು. ಊಟದ ನಂತರವೂ ಅವಳು ಹೀಗೆಯೇ ನಿಂತರೆ ಚಿಕ್ಕಮಾದಯ್ಯನಿಗೆ ಜೈಲು ಖಂಡಿತ ಎಂದು ಮಹದೇವಯ್ಯ ಹೇಳಿದ.

ಕೋರ್ಟಿನ ಮುಂದಿನ ಹೊಂಗೆಮರದ ಕೆಳಗೆ ಪುಟ್ಟಮಾದಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಹೊಂಗೆಯ ಹೂ ಅವಳ ತಲೆಯ ಮೇಲೂ ಬುತ್ತಿಯ ಮೇಲೂ ಉದುರುತ್ತಿತ್ತು. ಕೆಂಚಯ್ಯ ಅಡಿಕೆಯನ್ನು ಹಿಡಿದುಕೊಂಡು ಮರದ ಸುತ್ತ ನಡೆದ. ಅಪ್ಪನ ನೆನಪಾಯಿತು, ಜಂತೆಯಲ್ಲಿ ತೂಗುವ ಬುರುಡೆಯ ನೆನಪಾಯಿತು. ಯಾವುದೋ ಪರ ಊರಿನ ಹುಂಜಕ್ಕಾಗಿ, ಊರಿಗೇ ಬೇಡವಾದ ಒಬ್ಬ ಕಳ್ಳನಿಗಾಗಿ, ಅಪ್ಪ ಎಂದೂ ಮಾಡದ್ದನ್ನು ತಾನು ಮಾಡಬೇಕೆ. ಆಮೇಲೆ ಅವನು ಸೋಮಮ್ಮನ ಮುಂದೆ ನಿಂತು ಕೈ ಚಾಚಿದ.

"ತಕ," ಎಂದ. "ನನ್ ಕೈಲಿ ಆಗ್ನಿಲ್ಲ."

ಸೋಮಮ್ಮ ಅಡಿಕೆಯನ್ನು ತೆಗೆದುಕೊಳ್ಳುವ ಮೊದಲು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಅವಳು ಎಲ್ಲವನ್ನೂ ಹೇಳಿದಳು. ಕೆಂಚಯ್ಯನಷ್ಟು ಚೆನ್ನಾಗಿ ಹೇಳಲು ಬರಲಿಲ್ಲ, ಮಡುವನ್ನು ಬಿಟ್ಟೇಬಿಟ್ಟಳು. ಅವನೇ ಎಂದು ಹೇಗೆ ಗೊತ್ತು ಎಂದು ಸರ್ಕಾರಿ ವಕೀಲರು ಒತ್ತಿ ಕೇಳಿದಾಗ, ನಿಲ್ಲಲಾ ಎಂದು ಕೂಗಿದ್ದಕ್ಕೆ ಅವನು ನಿಂತು, ಹುಂಜ ಹಿಡಿದುಕೊಂಡೇ, ಯಾವಾಗ ಬಂದೆ ಅಕ್ಕಾ ಎಂದು ವಿಚಾರಿಸಿ ಓಡಿದ ಎಂದಳು. ಹಂಡೆ ಕದ್ದಿಲ್ಲವೆಂದು ಚಿಕ್ಕಮಾದಯ್ಯ ಬಿಡುಗಡೆಯಾದ. ಹುಂಜದ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ಪುಟ್ಟಮಾದಮ್ಮನಿಗೆ ಮುಂದಿನ ವಾರ ಹೆಣ್ಣು ಮಗುವಾಯಿತು.

ಕೆಂಚಯ್ಯ ಊರಿಗೆ ಬಂದು ಎಂದಿನಂತೆ ಜಗಲಿಯ ಮೇಲೆ ಕೂತ. ಜನ ದಾರಿಯಲ್ಲಿ ಹೋಗುತ್ತ ಆರೋಗ್ಯ ವಿಚಾರಿಸುತ್ತಿದ್ದರು. ಅಡಿಕೆ ಮಾತ್ರ ಯಾರೂ ತರಲಿಲ್ಲ. ಕೋರ್ಟಿನಲ್ಲಿ ಮಾತಾಡಿ ಬಂದವಳೆಂದು ಎಲ್ಲರೂ ಸೋಮಮ್ಮನ ಜಗಲಿಗೆ ಹೋಗತೊಡಗಿದರು. ಅವನು ಬುರುಡೆಯನ್ನು ಇಳಿಸಿ, ಒಳಗಿದ್ದ ಹಳೆಯ ಅಡಿಕೆಗಳನ್ನು ಬಾವಿಯ ಪಕ್ಕ ಹೂಳಿ, ಬರಿಯ ಬುರುಡೆಯನ್ನು ಮತ್ತೆ ತೂಗುಹಾಕಿದ. ಹಂಡೆ ಕೆಂಪನಂಜಪ್ಪನ ಯಳಂದೂರಿನ ಬೀಗರ ಮನೆಯಲ್ಲಿದೆ, ಆ ಮದುವೆಗೆಂದು ಅವರೇ ಆಳು ಕಳಿಸಿ ಒಯ್ದಿದ್ದರು ಎಂಬ ಸುದ್ದಿ ಆ ಬೇಸಿಗೆಯಲ್ಲಿ ಬಂತು. ಕೆಂಚಯ್ಯ ಅದನ್ನು ಯಾರಿಗೂ ಹೇಳಲಿಲ್ಲ. ಅವನು ನೋಡಿರಲಿಲ್ಲ.

ಒಂದು ದಿನ ಊಟ ಮುಗಿಸಿ ಒಳಗಿನ ನೆರಳಲ್ಲಿ ಮಲಗಿದ್ದಾಗ, ಜಗಲಿಯಲ್ಲಿ ಸದ್ದಾಯಿತು. ಬಾಗಿಲ ಸಂದಿಯಿಂದ ನೋಡಿದ. ಹಾಡುಹಗಲಲ್ಲಿ ಚಿಕ್ಕಮಾದಯ್ಯ ತುದಿಗಾಲಲ್ಲಿ ನಿಂತು ಜಂತೆಯಿಂದ ಬುರುಡೆ ಬಿಚ್ಚುತ್ತಿದ್ದ. ಬಿಚ್ಚಿ, ಒಳಗೆ ಇಣುಕಿ, ಕಂಕುಳಲ್ಲಿ ಇಟ್ಟುಕೊಂಡು ಹೋದ.

ಕೆಂಚಯ್ಯ ಕೂಗಲಿಲ್ಲ. ಇಷ್ಟು ವರ್ಷಕ್ಕೆ ಅವನು ಕಣ್ಣಾರೆ ಏನನ್ನೋ ಕಂಡಿದ್ದ. ಮುಖ ತೊಳೆದು, ಒಗೆದ ವಸ್ತ್ರ ಹೊದ್ದು, ಒಂದು ಅಡಿಕೆ ಹಿಡಿದು ಸೋಮಮ್ಮನ ಜಗಲಿಗೆ ಹೋದ.

"ನೀವೇ ಕಂಡ್ರಾ?" ಎಂದು ಸೋಮಮ್ಮ ಕೇಳಿದಳು. "ಯಾರೂ ಏಳಿದ್ದಲ್ವಲ್ಲ?"

"ನಾನೇ ಕಂಡೆ," ಎಂದ ಕೆಂಚಯ್ಯ. ನಿಧಾನವಾಗಿ ಎಲ್ಲ ಹೇಳಿ, ಅವಳ ಅಂಗೈಗೆ ಅಡಿಕೆ ಹಾಕಿ ಎದ್ದ.

ಬರುವ ದಾರಿಯಲ್ಲಿ ಚಿಕ್ಕಮಾದಯ್ಯ ಎದುರಾದ. ಬುರುಡೆ ಕಂಕುಳಲ್ಲೇ ಇತ್ತು. ಮಗುವಿನ ಕೈಗೆ ಆಡಲು ಕೊಡುವುದಕ್ಕೆಂದು ಅದರೊಳಗೆ ನಾಲ್ಕು ಕಲ್ಲು ಹಾಕಿದ್ದ. ಹೆಜ್ಜೆ ಇಟ್ಟಾಗೆಲ್ಲ ಗುಡುಗುಡು ಅನ್ನುತ್ತಿತ್ತು. ಆ ಮಾತು ಈಗ ಕೆಂಚಯ್ಯನದಲ್ಲ, ಆಡುವ ಹಾಗಿರಲಿಲ್ಲ. ಅವನು ಬುರುಡೆಯ ಕಡೆ ನೋಡದೆ, ಪಾಲಾರ್ ಹೊಳೆಯಲ್ಲಿ ಈಗ ನೀರಿದೆಯೋ ಇಲ್ಲವೋ ಎಂದು ಕೇಳಿದ.

"ನೀವೇ ಓಗಿ ನೋಡ್ಕಂಡ್ ಬನ್ನಿ ದೊಡ್ಡಪ್ಪ," ಎಂದ ಚಿಕ್ಕಮಾದಯ್ಯ. "ನಾ ಏಳುದ್ರೆ ನಡೆಯಲ್ವಲ್ಲ."

ಜಗಲಿಯಲ್ಲಿ ಕೆಂಚಯ್ಯನಿಗಾಗಿ ಯಾರೂ ಕಾದಿರಲಿಲ್ಲ. ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಪಾಲಾರಿನ ದಾರಿಗೆ ತಿರುಗಿದ.