ಹಿತ್ತಲ ಪೈಪಿನ ಕೆಳಗೆ

ಅಂಗೈಯಗಲದ ಹಳದಿ ಜಿಪಿಎಸ್ ಎಲ್ಲಾದರೂ ಕಂಡರೆ, ಅಮೆರಿಕದ ಫ್ಲವರ್ ಮೌಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್ ನೆನಪಾಗುತ್ತಾರೆ. ಯಾರೋ ಬಚ್ಚಿಟ್ಟ ಡಬ್ಬಿಯ ಜಾಗವನ್ನು ಇಂಟರ್‌ನೆಟ್ಟಿನಲ್ಲಿ ನೋಡಿಕೊಂಡು, ಜಿಪಿಎಸ್ ಹಿಡಿದು ಹುಡುಕುವ ಜಿಯೋಕ್ಯಾಶಿಂಗ್ ಹುಚ್ಚು ಅವರಿಗೆ. ಡಬ್ಬಿಗಳು ಹೆಚ್ಚಾಗಿ ಇರುತ್ತಿದ್ದದ್ದು ಈ ಸೀಮೆಗೆ ಮೊದಲು ಬಂದು ನೆಲೆಸಿದವರ ಹಳೇ ಸ್ಮಶಾನಗಳಲ್ಲಿ. ಶನಿವಾರ ಬಂತೆಂದರೆ ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದರು. ವಾಪಸ್ ಬಂದಾಗ ಬಾಗಿಲಲ್ಲೇ ಆಂಟಿ, "ಸ್ಮಶಾನಕ್ಕ ಹೋಗಿ ಬಂದೀರಿ, ಮೊದಲ ಜಳಕಾ ಮಾಡ್ರಿ" ಅನ್ನೋರು.

"ಅವರೇನು ನಮ್ಮ ಬಳಗದವರೇನು?" ಎಂದು ನಗುತ್ತಾ ಅಂಕಲ್ ನೇರ ಚಹಾಕ್ಕೆ ಕೂರುತ್ತಿದ್ದರು. ಪ್ರತಿ ಸಲವೂ ಅದೇ ಮಾತು.

ಆಗ ಇರಾಕಿನಲ್ಲಿ ಯುದ್ಧ ನಡೆಯುತ್ತಿತ್ತು. ಒಂದು ಶನಿವಾರ ಜಿಪಿಎಸ್ ನಮ್ಮನ್ನು ಸ್ಮಶಾನದ ಕಲ್ಲುಬೆಂಚಿನ ಮುಂದೆ ತಂದು ನಿಲ್ಲಿಸಿತು. ಅದರ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಎದುರಿಗೆ ಹಸಿ ಮಣ್ಣು, ಪುಟ್ಟ ಬಾವುಟ, ಯೂನಿಫಾರ್ಮಿನಲ್ಲಿ ನಗುತ್ತಿದ್ದ ಹುಡುಗನ ಫೋಟೋ.

"ಯಾರನ್ನು ನೋಡೋಕೆ ಬಂದಿರಿ?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

ಅಂಕಲ್ ಜಿಪಿಎಸ್ ಜೇಬಿಗಿಳಿಸಿ, ಶೂ ಬಿಚ್ಚಿಟ್ಟು, "ನಿಮ್ಮ ಮಗನನ್ನ" ಅಂದರು.

ಆಕೆ ಸರಿದು ಜಾಗ ಮಾಡಿಕೊಟ್ಟರು. ಮಗನ ಫುಟ್‌ಬಾಲು, ಅವನ ಹಳೇ ಟ್ರಕ್ಕು, ಅವನ ಹೊಟ್ಟೆಬಾಕತನ ಎಲ್ಲ ಹೇಳಿದರು. ಅಂಕಲ್ ಹೂಂಗುಟ್ಟುತ್ತಾ ಕೂತರು. ಡಬ್ಬಿ ಬೆಂಚಿನ ಕೆಳಗೇ ಉಳಿಯಿತು.

ಮನೆಗೆ ಬಂದವರು ಬಾಗಿಲಿಗೆ ಹೋಗಲಿಲ್ಲ. ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವ ಪೈಪನ್ನು ತೊಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಹಿಡಿದುಕೊಂಡರು.

"ಏನ್ರೀ ಇದು, ಇಂಥಾ ಥಂಡ್ಯಾಗ?" ಆಂಟಿ ಓಡಿ ಬಂದರು.

"ತಡಿ," ಅಂದರು ಅಂಕಲ್. "ನಮ್ಮವರ ಮಣ್ಣಿಗೆ ಹೋಗಿದ್ದೆ."