ಗಟಾರದ ಕಡತಕ್ಕೊಂದು ಪುರಾಣಸೇವೆ

ಮಾಳಮಡ್ಡಿಯ ನಮ್ಮ ಓಣಿಯ ಗುಡಿಯಲ್ಲಿ ಸಂಜೆ ಪುರಾಣ ಓದಿ ಅರ್ಥ ಹೇಳುವ ಸೇವೆ ನನ್ನ ಪಾಲಿಗೆ ಬಂದು ಬಹಳ ವರ್ಷಗಳಾದವು. ಕೇಳುಗರು ಹತ್ತು ಹನ್ನೆರಡು ಜನ. ಅವರಲ್ಲಿ ಕೊನೆಯವರೆಗೂ ಎಚ್ಚರವಾಗಿರುತ್ತಿದ್ದವರು ನನ್ನ ಪಕ್ಕದ ಮನೆಯ, ಓಣಿಯೆಲ್ಲ ವಹಿನಿ ಎಂದು ಕರೆಯುವ ಹಿರಿಯ ಹೆಂಗಸು ಒಬ್ಬರೇ. ಅವರ ಬಾಗಿಲ ಮುಂದಿನ ಗಟಾರದ ಚಪ್ಪಡಿ ಒಡೆದಿತ್ತು. ಅದರಲ್ಲಿ ಒಮ್ಮೆ ಕಾಲು ಸಿಕ್ಕಿ ಬಿದ್ದ ಮೇಲೆ ಅವರು ಹೊಸ್ತಿಲು ದಾಟುವುದನ್ನೇ ಬಿಟ್ಟರು; ಗುಡಿಯೂ ತಪ್ಪಿತು.

ಪಾಲಿಕೆ ಕಚೇರಿಗೆ ಅಲೆದು ಸಾಕಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹನ್ನೊಂದು ಪುಟಗಳ ಕಡತದ ಪ್ರತಿ ಬಂತು. ಅದರ ಪ್ರಕಾರ ಅಲ್ಲಿ ಹೊಸ ಚಪ್ಪಡಿ ಹಾಸಿ, ಸ್ಥಳ ಪರಿಶೀಲಿಸಿ, ‘ಕಾಮಗಾರಿ ತೃಪ್ತಿಕರ’ ಎಂದು ಎಂಜಿನಿಯರರು ಷರಾ ಬರೆದಾಗಿತ್ತು. ಕಣ್ಣಿಗೆ ಕಾಣದುದನ್ನು ಇಷ್ಟು ದೃಢವಾಗಿ ನಂಬುವ ಭಕ್ತಿ, ಜೀವಮಾನವೆಲ್ಲ ಸಂಧ್ಯಾವಂದನೆ ಮಾಡಿದ ನನಗೂ ದಕ್ಕಿಲ್ಲ.

ಅಂದು ಸಂಜೆ ಪುರಾಣದ ಪೀಠದ ಮೇಲೆ ಗ್ರಂಥದ ಬದಲು ಆ ಕಡತವನ್ನಿಟ್ಟು, ಅರಿಶಿನ ಕುಂಕುಮ ಏರಿಸಿ, ಎಂದಿನ ರಾಗದಲ್ಲೇ ಓದಿದೆ. ದೇವರು ಕ್ಷಮಿಸಲಿ; ಅವನೂ ಒಳಗೊಳಗೆ ನಕ್ಕಿರಬಹುದು. ಷರಾ ಬಂದಲ್ಲಿ ನಿಂತು ಅರ್ಥ ಹೇಳಿದೆ: “ಈ ಚಪ್ಪಡಿ ನಿರಾಕಾರ. ನಮ್ಮಂಥಾ ಪಾಪಿಗಳ ಕಣ್ಣಿಗೆ ಬೀಳೂದಿಲ್ಲ. ಎಂಜಿನಿಯರ್ ಸಾಹೇಬರಿಗಷ್ಟ ದರ್ಶನ ಕೊಡ್ತದ.”

“ನಮ್ಮ ಮನಿ ಮುಂದ ನಿರಾಕಾರ ದೀಪದ ಕಂಬ ಅದ ನೋಡ್ರಿ, ಆಚಾರ್ರ!” ಎಂದು ಹಿಂದಿನಿಂದ ಒಬ್ಬರು ಕೂಗಿದರು.

ಮರುದಿನ ಗುಡಿ ತುಂಬಿತು. ಪುರಾಣದ ಕೊನೆಗೆ, ಕೇಳಿದವರಿಗೆ ದೊರೆಯುವ ಫಲವನ್ನು ಹೇಳಿ ಮಂಗಳ ಹಾಡುವುದು ಕ್ರಮ. ಈ ಕಡತಕ್ಕೆ ಫಲವೇ ಇರಲಿಲ್ಲ. ಆದ್ದರಿಂದ ಮಂಗಳ ಹಾಡದೆ ದಿನವೂ ಮೊದಲ ಪುಟಕ್ಕೆ ಮರಳಿದೆ. ಆರನೆಯ ಸಂಜೆ, ಷರಾ ಬರೆದ ಎಂಜಿನಿಯರರೇ ಬಂದು ಕಂಬಕ್ಕೊರಗಿ ನಿಂತರು.

“ನಮ್ಮ ಅತ್ತಿಯವರೂ ದಿನಾ ಕೇಳಾಕ ಬರಾಕತ್ತಾರ್ರಿ ಆಚಾರ್ರ. ಮನ್ಯಾಗ ತಲಿ ಎತ್ತದಂಗ ಆಗೈತಿ. ಲಗೂ ಮಂಗಳ ಹಾಡಿ ಮುಗಸ್ರಿ.”

“ಫಲ ಇಲ್ಲದ ಮಂಗಳ ಹಾಡಿದ್ರ ದೋಷ ಬರ್ತದ್ರಿ ಸಾಹೇಬ್ರ. ಅದು ಯಾರಿಗೆ ಬರಬೇಕು, ನೀವ ಹೇಳ್ರಿ.”

ಎರಡು ದಿನದಲ್ಲಿ ಚಪ್ಪಡಿ ಬಂತು. ಸಾಕಾರವಾಗಿ, ತುಸು ಸೊಟ್ಟಗೆ. ವಹಿನಿ ಅದರ ಮೇಲೆ ಒಂದು ಕಾಲಿಟ್ಟು, ಒತ್ತಿ ನೋಡಿ, ಇನ್ನೊಂದನ್ನೂ ಇಟ್ಟರು. ಸಂಜೆ ಗುಡಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ನಾನು ಸಂತೋಷದಿಂದ ಹಳೆಯ ಗ್ರಂಥ ಬಿಚ್ಚಿದೆ.

“ಅದನ್ನ ಎಷ್ಟ ಸಲಾ ಕೇಳಬೇಕ್ರಿ, ಆಚಾರ್ರ?” ಎಂದರು ಅವರು. “ಓಣಿ ಮಂದಿಯೆಲ್ಲಾ ನನ್ನ ಗಟಾರದ್ದು ಕೇಳಿ ನಕ್ಕಾರ. ನಾ ಒಬ್ಬಾಕೀನ ಉಳದೇನಿ. ಅದನ್ನ ಓದ್ರಿ.”